ಹತ್ತುವಾಗ ಎಲ್ಲಾ ಹೀರೋನೇ, ಇಳಿಯುವಾಗ ನೋಡ್ಬೇಕು: ಯೂಟಾದ ಪಯೂಟ್ ಟ್ರೇಲ್‌ನಲ್ಲಿ ನಾಲ್ಕು ಕ್ವಾಡ್ ಬೈಕ್

ಕ್ವಾಡ್ ಬೈಕ್, ಅಂದ್ರೆ ಕಾಡುಮೇಡಲ್ಲಿ ಓಡಿಸೋ ನಾಲ್ಕು ಚಕ್ರದ ಎಟಿವಿ, ತಗೊಳ್ಳೋರು ಮೊದ್ಲು ಕೇಳೋದು ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಅದಾದ್ಮೇಲೆ ಎಷ್ಟು ಭಾರ ಎಳೆಯತ್ತೆ ಅಂತ. ಅಮೆರಿಕದ ಯೂಟಾ ರಾಜ್ಯದಲ್ಲಿರೋ ಪಯೂಟ್ ಎಟಿವಿ ಟ್ರೇಲ್‌ಗೆ ಹೋಗಿ ಬಂದ್ಮೇಲೆ ನನಗೆ ಅನ್ಸಿದ್ದು, ಈ ಮೂರೂ ಕೇಳದೇ ಇದ್ರೂ ನಡೆಯತ್ತೆ, ಥ್ರಾಟಲ್ (ಹೆಬ್ಬೆರಳಲ್ಲಿ ಒತ್ತೋ ಆಕ್ಸಿಲರೇಟರ್) ಬಿಟ್ಟಾಗ ಗಾಡಿ ಏನ್ಮಾಡತ್ತೆ ಅಂತ ಒಂದು ಕೇಳಿದ್ರೆ ಸಾಕು.

ಮೊದ್ಲು ಟ್ರೇಲ್ ಬಗ್ಗೆ ಸ್ವಲ್ಪ. ಫಿಶ್‌ಲೇಕ್ ನ್ಯಾಷನಲ್ ಫಾರೆಸ್ಟ್ ಒಳಗೆ, ಟುಶಾರ್, ಪಾವಂಟ್, ಮನ್ರೋ ಅಂತ ಮೂರು ಬೆಟ್ಟಸಾಲು ಸುತ್ತಿಕೊಂಡು ಬರೋ ದಾರಿ ಇದು, ಮುಖ್ಯ ಸುತ್ತೇ ಸುಮಾರು 275 ಮೈಲಿ ಅಂದ್ರೆ 440 ಕಿಲೋಮೀಟರ್ ಆಗತ್ತೆ, ಪಕ್ಕಕ್ಕೆ ಕವಲೊಡೆಯೋ ದಾರಿಗಳು ಇದರ ಎಷ್ಟೋ ಪಟ್ಟು ಇವೆ. ಸುತ್ತು ಆಗಿರೋದ್ರಿಂದ ಶುರು ಇಲ್ಲ, ಕೊನೆ ಇಲ್ಲ, ಎಲ್ಲಿಂದ ಬೇಕಾದ್ರೂ ಹತ್ತಬಹುದು. ಸುತ್ತಿನ ಮೇಲಿರೋ ಊರುಗಳಲ್ಲಿ ಕ್ವಾಡ್‌ನ ರಸ್ತೆ ಮೇಲೇ ಓಡಿಸ್ಕೊಂಡು ಪೆಟ್ರೋಲ್ ಬಂಕ್‌ಗೆ ಹೋಗಬಹುದು, ಯಾರೂ ತಿರುಗಿ ಕೂಡ ನೋಡಲ್ಲ. ಎತ್ತರದ ಜಾಗಗಳಲ್ಲಿ ಜೂನ್ ಮುಗಿಯೋವರೆಗೂ ಹಿಮ ಇರತ್ತೆ, ಹಾಗಾಗಿ ಜುಲೈ ಮೇಲೆ ಹೋಗೋದು ವಾಸಿ. ಹೊರರಾಜ್ಯದೋರಿಗೆ ಪರ್ಮಿಟ್ ಬೇಕು, 2023ರಿಂದ ಓಡಿಸೋ ಪ್ರತಿಯೊಬ್ಬರೂ ಒಂದು ಆನ್‌ಲೈನ್ ಕೋರ್ಸ್ ಮುಗಿಸಿರಬೇಕು ಅನ್ನೋ ರೂಲ್ಸೂ ಇದೆ, ಇದೆರಡನ್ನ ಮನೇಲೇ ಮುಗಿಸ್ಕೊಂಡು ಹೊರಡಿ.

ನಾವು ನಾಲ್ಕು ಜನ, ನಾಲ್ಕು ಗಾಡಿ. ಹೋಂಡಾ ಫೋರ್‌ಮನ್ ರೂಬಿಕಾನ್, 518 ಸಿಸಿ, ಡಿಸಿಟಿ ಅಂದ್ರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಯಮಹಾ ಗ್ರಿಜ್ಲಿ 700, ಹೆಸರಲ್ಲಿ 700 ಇದ್ರೂ ಎಂಜಿನ್ 686 ಸಿಸಿ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570. ಕ್ಯಾನ್-ಆಮ್ ಔಟ್‌ಲ್ಯಾಂಡರ್ 650, ನಾಲ್ಕರಲ್ಲಿ ಇದೊಂದೇ ವಿ-ಟ್ವಿನ್, ಅಂದ್ರೆ ಎರಡು ಸಿಲಿಂಡರ್, ಉಳಿದವೆಲ್ಲಾ ಸಿಂಗಲ್ ಸಿಲಿಂಡರ್. ಎರಡು ನಮ್ಮೋರದ್ದೇ, ಎರಡು ಬಾಡಿಗೆ. ಒಪ್ಪಂದ ಏನಪ್ಪಾ ಅಂದ್ರೆ ನಿಂತ ಕಡೆಯೆಲ್ಲಾ ಗಾಡಿ ಅದಲು ಬದಲು, ಯಾರೂ ತಮ್ಮ ಗಾಡಿಗೆ ಅಂಟ್ಕೊಂಡು ಕೂರಂಗಿಲ್ಲ. ನಾಲ್ವರಲ್ಲಿ ಒಬ್ರು ಗೆಳೆಯನ ಭಾವ, ವಯಸ್ಸಲ್ಲಿ ಹಿರಿಯರು, ನಾವೆಲ್ಲಾ ಅವರನ್ನ ಭಾವ ಅಂತಲೇ ಕರೆಯೋದು. ಹೋಂಡಾ ಅವರದ್ದು. ಗೇರ್ ಬದಲು ಬೆಲ್ಟ್‌ನಿಂದ ಓಡೋ ಗಾಡಿ ಮೇಲೆ, ಉಳಿದ ಮೂರೂ ಅಂಥವೇ, ಅವರಿಗೆ ನಂಬಿಕೆ ಅಷ್ಟಕ್ಕಷ್ಟೇ.

ಮೇರಿಸ್‌ವೇಲ್ ಅನ್ನೋ ಚಿಕ್ಕ ಊರಿಂದ ಹೊರಟ್ವಿ. ಮೊದಲು ಪೂರ್ವಕ್ಕಿರೋ ಮನ್ರೋ ಬೆಟ್ಟದ ಕಡೆ. ಆ ಕಡೆ ದಾರಿ ಸಲೀಸು, ಆಸ್ಪೆನ್ ಮರಗಳ ಮಧ್ಯೆ ಮಣ್ಣಿನ ದಾರಿ, ಧೂಳು ಮಾತ್ರ ಹೇಳ್ಬೇಡಿ, ಮುಂದಿನ ಗಾಡಿಗೂ ನಮಗೂ ಒಂದು ತಿರುವಿನಷ್ಟು ಅಂತರ ಬಿಡದಿದ್ರೆ ಏನೂ ಕಾಣಲ್ಲ. ಇಂಥಾ ದಾರೀಲಿ ನಾಲ್ಕು ಗಾಡೀನೂ ಚೆನ್ನಾಗೇ ಇರತ್ತೆ, ವ್ಯತ್ಯಾಸ ಹುಡುಕೋಕೆ ಕಷ್ಟ ಪಡ್ಬೇಕು. ಸಸ್ಪೆನ್ಷನ್ ಒಂದು ಗೊತ್ತಾಗತ್ತೆ. ಪೊಲಾರಿಸ್‌ನಲ್ಲಿ ಕೂತ್ರೆ ಏಳೋಕೆ ಮನಸ್ಸಾಗಲ್ಲ, ಅವರು 1996ರಲ್ಲೇ ಸ್ಪೋರ್ಟ್ಸ್‌ಮನ್‌ಗೆ ಹಿಂದಿನ ಚಕ್ರಕ್ಕೂ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೊಟ್ಟೋರು, ಆ ಅನುಭವ ಕಾಣತ್ತೆ. ಕ್ಯಾನ್-ಆಮ್‌ನ ಹಿಂಭಾಗದ್ದು ಬೇರೆ ಥರ, ಟ್ರೇಲಿಂಗ್ ಆರ್ಮ್, ಅಂದ್ರೆ ಚಕ್ರ ಓರೆಯಾಗದೇ ನೆಟ್ಟಗೆ ಮೇಲೆ ಕೆಳಗೆ ಆಡತ್ತೆ, ಹೊಂಡ ಹಾರಿಸಿದಾಗ ಹಿಂಭಾಗ ಪಕ್ಕಕ್ಕೆ ಜಾರಲ್ಲ. ಹೋಂಡಾ ಸ್ವಲ್ಪ ಗಟ್ಟಿ. ಗ್ರಿಜ್ಲಿ ಮಧ್ಯದಲ್ಲೆಲ್ಲೋ.

ನಿಜವಾದ ಪರೀಕ್ಷೆ ಆಗಿದ್ದು ಪಶ್ಚಿಮಕ್ಕಿರೋ ಟುಶಾರ್ ಬೆಟ್ಟಸಾಲಲ್ಲಿ. ಇದರ ತುದಿ ಡೆಲಾನೋ ಪೀಕ್ 12,000 ಅಡಿ ದಾಟತ್ತೆ, ಟ್ರೇಲ್ ಕೂಡ 11,000 ಅಡಿ ಮೇಲೆ ಹೋಗತ್ತೆ. ಮೇರಿಸ್‌ವೇಲ್ ಇರೋದೇ 6,000 ಅಡಿ ಹತ್ರ. ಎತ್ತರ ಏರಿದ ಹಾಗೆ ಗಾಳಿ ತೆಳ್ಳಗಾಗತ್ತಲ್ಲ, ಟರ್ಬೋ ಇಲ್ಲದ ಎಂಜಿನ್ ಸಾವಿರ ಅಡಿಗೆ ಹತ್ತತ್ರ ಶೇ 3ರಷ್ಟು ಶಕ್ತಿ ಕಳ್ಕೊಳ್ಳತ್ತೆ, ಅಂದ್ರೆ ಮೇಲೆ ಹೋಗೋ ಹೊತ್ತಿಗೆ ಮೂರನೇ ಒಂದು ಭಾಗ ಮಾಯ. ಪೇಪರ್ ಮೇಲೆ 44 ಹಾರ್ಸ್‌ಪವರ್ ಇರೋ ಸ್ಪೋರ್ಟ್ಸ್‌ಮನ್ ಅಲ್ಲಿ 30ರ ಗಾಡಿ, 62 ಇರೋ ಔಟ್‌ಲ್ಯಾಂಡರ್ 41ರ ಗಾಡಿ. ಆದ್ರೂ ಎರಡೂ ಹತ್ತಿದ್ವು, ಯಾಕಂದ್ರೆ ಆ ಕಲ್ಲು ದಾರೀಲಿ ನೀವು ಹೋಗೋದೇ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ, ಲೋ ರೇಂಜ್‌ಗೆ (ನಿಧಾನಕ್ಕೆ ಹೋಗಿ ಜಾಸ್ತಿ ಎಳೆಯೋ ಗೇರ್‌ಗೆ) ಹಾಕಿದ್ರೆ 30 ಧಾರಾಳ ಸಾಕು. ಮಿಕ್ಕಿದ್ದೆಲ್ಲಾ ಮಾತಾಡ್ಕೊಳ್ಳೋಕೆ.

ಹತ್ತೋವಾಗ ಕಂಡ ವ್ಯತ್ಯಾಸ ಶಕ್ತಿದಲ್ಲ, ಹಿಡಿತದ್ದು. ಒಂದು ಕಡೆ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲು ಥರ ಇತ್ತು, ಪಕ್ಕದಲ್ಲಿ ಸಡಿಲ ಜಲ್ಲಿ. ಪೊಲಾರಿಸ್‌ನಲ್ಲಿ ನೀವು ಏನೂ ಯೋಚ್ನೆ ಮಾಡ್ಬೇಕಿಲ್ಲ, ಎಡಬ್ಲ್ಯೂಡಿ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ವ್ಯವಸ್ಥೆ) ಆನ್ ಇದ್ರೆ ಹಿಂದಿನ ಚಕ್ರ ಜಾರಿದ ತಕ್ಷಣ ಮುಂದಿನವು ಸೇರ್ಕೊಳ್ಳತ್ತೆ, ಸೇರೋವಾಗ ಹ್ಯಾಂಡಲ್‌ಗೆ ಒಂದು ಸಣ್ಣ ಜಗ್ಗು ಬರತ್ತೆ ಅಷ್ಟೇ. ಕ್ಯಾನ್-ಆಮ್‌ನ ವಿಸ್ಕೋ-ಲಾಕ್ ಮುಂದಿನ ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದಾಗ ತಾನೇ ಲಾಕ್ ಆಗೋದು, ಅಂದ್ರೆ ಒಂದು ಚಕ್ರ ಸ್ವಲ್ಪ ಸುತ್ತಿದ್ಮೇಲೇ, ಅದು ಗೊತ್ತಿಲ್ದೇ ಇದ್ರೆ ಆ ಅರೆಕ್ಷಣದಲ್ಲಿ ಹೆದರಿ ಥ್ರಾಟಲ್ ಬಿಡ್ತೀರ, ಬಿಡಬಾರ್ದು, ಹಾಗೇ ಹಿಡ್ಕೊಂಡಿರ್ಬೇಕು. ಗ್ರಿಜ್ಲಿಯಲ್ಲಿ ಬಟನ್, ಟೂ ವೀಲ್, ಫೋರ್ ವೀಲ್, ಡಿಫ್ ಲಾಕ್ (ಮುಂದಿನ ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋದು), ಯಾವುದು ಬೇಕೋ ನೀವೇ ಹೇಳ್ಬೇಕು. ಡಿಫ್ ಲಾಕ್ ಹಾಕಿ ತಿರುಗಿಸೋಕೆ ಹೋದ್ರೆ ಪವರ್ ಸ್ಟೀರಿಂಗ್ ಇದ್ರೂ ತೋಳು ಸುಸ್ತಾಗತ್ತೆ, ಆದ್ರಿಂದ ಕಲ್ಲು ದಾಟಿದ ಕೂಡ್ಲೇ ತೆಗೀಬೇಕು. ನನಗೆ ಬಟನ್ನೇ ಇಷ್ಟ, ಕಲ್ಲು ಬರೋಕೆ ಮುಂಚೆನೇ ಲಾಕ್ ಮಾಡ್ಕೊಂಡು ನೆಮ್ಮದಿಯಾಗಿ ಹತ್ತಬಹುದು.

ಹೋಂಡಾ ಆಟೋ ಮೋಡ್‌ನಲ್ಲಿದ್ರೆ ಇಂಥಾ ಕಡೆ ಎರಡಕ್ಕೋ ಮೂರಕ್ಕೋ ಅಂತ ಒದ್ದಾಡೋದುಂಟು. ಅದಕ್ಕೆ ಮದ್ದು ಎಡಗೈ ಹತ್ರ ಇರೋ ಎರಡು ಬಟನ್, ಮ್ಯಾನುಯಲ್‌ಗೆ ಹಾಕಿ ಹೆಬ್ಬೆರಳಲ್ಲಿ ಒಂದು ಒತ್ತು, ಟಕ್ ಅಂತ ಗೇರ್ ಇಳಿಯತ್ತೆ, ಆಮೇಲೆ ನೀವು ಹೇಳೋವರೆಗೂ ಅದೇ ಗೇರ್. ಭಾವ ಆಟೋ ಮುಟ್ಟಿದ್ದನ್ನ ನಾನು ನೋಡಿಲ್ಲ.

ಮೇಲಿಂದ ಹಳೇ ಕಿಂಬರ್ಲಿ ಕಡೆ ಇಳಿಯೋಕೆ ಶುರು ಮಾಡಿದ್ವಿ. ಕಿಂಬರ್ಲಿ ಅಂದ್ರೆ 1900ರ ಆಸುಪಾಸಿನಲ್ಲಿ ಚಿನ್ನದ ಗಣಿಯಿಂದ ಮೆರೆದ ಊರು, ಈಗ ಜನ ಇಲ್ಲ, ಮರದ ಗೋಡೆಗಳ ಅವಶೇಷ, ಕಲ್ಲಿನ ಅಡಿಪಾಯ, ಗಣಿಯಿಂದ ತೆಗೆದು ಸುರಿದ ಮಣ್ಣಿನ ಗುಡ್ಡೆ. ಅಲ್ಲಿ ನಿಂತು ಗಾಡಿ ಅದಲು ಬದಲು ಮಾಡ್ಕೊಳ್ಳೋ ಹೊತ್ತಿಗೆ ಗುಡುಗು. ಜುಲೈ ಆಗಸ್ಟ್‌ನಲ್ಲಿ ಈ ಭಾಗಕ್ಕೂ ಒಂಥರಾ ಮಾನ್ಸೂನ್ ಇದೆ, ಬೆಳಗ್ಗೆ ಆಕಾಶ ನೀಲಿ, ಮಧ್ಯಾಹ್ನ ಆಯ್ತು ಅಂದ್ರೆ ಮೋಡ ಎದ್ದು ಧೋ ಅಂತ ಸುರಿಯತ್ತೆ. ಎತ್ತರದ ಬಯಲಲ್ಲಿ ಸಿಡಿಲಿಗೆ ಸಿಕ್ಕಿಹಾಕ್ಕೊಳ್ಳೋದು ಬೇಡ ಅಂತ ಕ್ಲಿಯರ್ ಕ್ರೀಕ್ ಕಣಿವೆ ಕಡೆ ಇಳಿದ್ವಿ, ಧೂಳಾಗಿದ್ದ ಮಣ್ಣು ಹತ್ತು ನಿಮಿಷಕ್ಕೆ ಸೋಪ್ ಹಾಕಿದಂಗಾಯ್ತು.

ಇಂಥಾ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗಿ ಗಾಡಿ ಜಾರೋಕೆ ಶುರು, ಬಿಟ್ರೆ ವೇಗ ಏರತ್ತೆ, ಕೆಳಗಡೆ ಹೇರ್‌ಪಿನ್ ತಿರುವು, ಮತ್ತೆ ನಿಮ್ಮ ಕೆಳಗಿರೋದು ಮುನ್ನೂರು ಕೆಜಿ ಮೀರಿದ ಗಾಡಿ. ಇಲ್ಲಿ ಕೈ ಹಿಡಿಯೋದು ಎಂಜಿನ್ ಬ್ರೇಕಿಂಗ್ ಒಂದೇ, ಅಂದ್ರೆ ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಗಾಡಿನ ತಡೆಯೋದು. ಸಾಮಾನ್ಯ ಸಿವಿಟಿಯಲ್ಲಿ (ಎರಡು ಪುಲಿ ಮಧ್ಯೆ ಬೆಲ್ಟ್ ಓಡೋ ಆಟೋಮ್ಯಾಟಿಕ್) ಏನಾಗತ್ತೆ ಅಂದ್ರೆ, ಥ್ರಾಟಲ್ ಬಿಟ್ಟು ಎಂಜಿನ್ ವೇಗ ಇಳಿದ ಕೂಡ್ಲೇ ಮುಂದಿನ ಪುಲಿ ಅಗಲ ಆಗಿ ಬೆಲ್ಟ್ ಸಡಿಲ ಆಗತ್ತೆ, ಆಮೇಲೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ನ್ಯೂಟ್ರಲ್‌ನಲ್ಲಿ ಇಳಿದಂಗೆ. ಯಮಹಾದೋರು ಅಲ್ಟ್ರಾಮ್ಯಾಟಿಕ್ ಅಂತ ಮಾಡಿರೋದ್ರಲ್ಲಿ ಕ್ಲಚ್ ಬೇರೆ, ಬೆಲ್ಟ್ ಬೇರೆ, ಬೆಲ್ಟ್ ಯಾವಾಗ್ಲೂ ಬಿಗಿಯಾಗೇ ಇರತ್ತೆ, ಜೊತೆಗೆ ಒಂದು ಸ್ಪ್ರಾಗ್ ಕ್ಲಚ್, ಅಂದ್ರೆ ಒಂದೇ ದಿಕ್ಕಿಗೆ ಬಿಡೋ ಬೇರಿಂಗ್, ಚಕ್ರ ಎಂಜಿನ್‌ನ ಮೀರಿ ಓಡೋಕೆ ಹೋದ್ರೆ ಅದು ಕಚ್ಕೊಂಡು ಎಂಜಿನ್ನೇ ಚಕ್ರನ ಹಿಡಿದು ಎಳೆಯತ್ತೆ. ಫೋರ್ ವೀಲ್‌ನಲ್ಲಿದ್ರೆ ಆ ಎಳೆತ ನಾಲ್ಕೂ ಚಕ್ರಕ್ಕೆ ಹಂಚಿ ಹೋಗತ್ತೆ, ಯಾವ ಚಕ್ರವೂ ಲಾಕ್ ಆಗಲ್ಲ.

ಆ ಮಳೇಲಿ ಗ್ರಿಜ್ಲಿ ನನ್ನ ಪಾಲಿಗೆ ಬಂದಿತ್ತು. ಲೋ ರೇಂಜ್, ಫೋರ್ ವೀಲ್, ಹೆಬ್ಬೆರಳು ಥ್ರಾಟಲ್ ಮೇಲಿಂದ ಪೂರ್ತಿ ತೆಗೆದು ಹ್ಯಾಂಡಲ್ ಹಿಡ್ಕೊಂಡು, ಸೀಟಿನ ಹಿಂಭಾಗಕ್ಕೆ ಜರುಗಿ ಕೂತೆ. ಎಂಜಿನ್ ಗುರ್ರ್ ಅಂತ ಒಂದೇ ರಾಗದಲ್ಲಿ ಗೊಣಗ್ತಾ ನಡಿಗೆ ವೇಗದಲ್ಲಿ ಇಳೀತು, ಕೆಸರು ಚಕ್ರದ ಹಲ್ಲಲ್ಲಿ ತುಂಬ್ಕೊಂಡು ಫೆಂಡರ್ ಕೆಳಗೆ ಚಟಚಟ ಬಡೀತಿತ್ತು, ತಿರುವಿನ ಹತ್ರ ಮಾತ್ರ ಎರಡು ಬೆರಳಲ್ಲಿ ಬ್ರೇಕ್ ಸವರಿದ್ರೆ ಆಯ್ತು. ಹಿಂದೆ ಭಾವ ಹೋಂಡಾನ ಫಸ್ಟ್ ಗೇರ್‌ನಲ್ಲಿ ಹಾಕ್ಕೊಂಡು ಹಾಗೇ ಬರ್ತಿದ್ರು, ಅಲ್ಲಿ ಬೆಲ್ಟೇ ಇಲ್ಲ, ಗೇರ್ ಹಲ್ಲು ಗೇರ್ ಹಲ್ಲಿಗೇ ಕಚ್ಚಿರೋದ್ರಿಂದ ಬಿಟ್ಟುಕೊಡೋ ಮಾತೇ ಇಲ್ಲ. ಕ್ಯಾನ್-ಆಮ್‌ಗೂ ಎಂಜಿನ್ ಬ್ರೇಕಿಂಗ್ ಇದೆ, ಎಳೆತ ನಯವಾಗಿರತ್ತೆ. ಪೊಲಾರಿಸ್‌ನಲ್ಲಿ ಇದೇ ಎಂಜಿನ್ ಬ್ರೇಕಿಂಗ್ ಇಬಿಎಸ್ ಅನ್ನೋ ಹೆಸರಲ್ಲಿ ಕೆಲವು ಟ್ರಿಮ್‌ಗೆ (ಒಂದೇ ಗಾಡಿಯ ಬೇರೆ ಬೇರೆ ಮಾದರಿಗೆ) ಬರತ್ತೆ, ಕೆಲವಕ್ಕೆ ಬರಲ್ಲ, ನಮ್ಮ ಹತ್ರ ಇದ್ದದ್ದು ಇಲ್ಲದ ಟ್ರಿಮ್. ಅದರಲ್ಲಿ ಎಡಗೈಯ ಒಂದೇ ಲಿವರ್ ಒತ್ತಿದ್ರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಬೀಳತ್ತೆ, ಒಣ ದಾರೀಲಿ ಇದಕ್ಕಿಂತ ಸುಲಭ ಇನ್ನೊಂದಿಲ್ಲ, ಕೆಸರಲ್ಲಿ ಮಾತ್ರ ಒತ್ತಿ ಬಿಟ್ಟು ಒತ್ತಿ ಬಿಟ್ಟು ಗೆಳೆಯನ ಎಡಗೈ ಮರಗಟ್ಟಿ ಹೋಯ್ತು.

ಕೆಳಗೆ ಬಂದಾಗ ಅವನು ಹೆಲ್ಮೆಟ್ ತೆಗೆದು ಹೇಳಿದ್ದು ಒಂದೇ ಮಾತು, "ಭಾವ, ಮುಂದಿನ ಬೆಟ್ಟ ನೀವೇ ಇಳಿಸಿ ಇದನ್ನ."

"ಗೇರ್ ಹಾಕ್ಕೊಡು, ಇಳಿಸ್ತೀನಿ" ಅಂದ್ರು ಭಾವ.

ಕಣಿವೇಲಿ ಫ್ರೀಮಾಂಟ್ ಇಂಡಿಯನ್ ಸ್ಟೇಟ್ ಪಾರ್ಕ್ ಇದೆ, ಟ್ರೇಲ್ ಅದರೊಳಗೇ ಹಾದುಹೋಗತ್ತೆ. ಐ-70 ಹೆದ್ದಾರಿ ಮಾಡೋವಾಗ 1983ರಲ್ಲಿ ಫೈವ್ ಫಿಂಗರ್ ರಿಡ್ಜ್ ಅನ್ನೋ ಗುಡ್ಡದಲ್ಲಿ ಹಳೇ ಕಾಲದ ಮೂಲನಿವಾಸಿಗಳಾದ ಫ್ರೀಮಾಂಟ್ ಜನರ ಹಳ್ಳಿ ಸಿಕ್ತು, ಹೆದ್ದಾರಿಗೆ ಮಣ್ಣು ಬೇಕು ಅಂತ ಗುಡ್ಡಾನೇ ತೆಗೆದ್ರು, ಅಗೆದು ಉಳಿಸ್ಕೊಂಡ ವಸ್ತುಗಳು ಮ್ಯೂಸಿಯಂನಲ್ಲಿವೆ. ಬಂಡೆ ಮೇಲೆ ಕೊರೆದ ಚಿತ್ರಗಳನ್ನ ನಿಂತು ನೋಡಿ. ಬೂಟಲ್ಲಿ ನೀರು ಚಪಚಪ ಅಂತಿದ್ದ ನಮಗೆ ಅಲ್ಲಿ ಒಂದು ಸೂರು ಸಿಕ್ಕಿದ್ದೇ ದೊಡ್ಡದಾಗಿತ್ತು.

ಅಲ್ಲಿ ಕೂತಾಗ ಶುರುವಾದ ಚರ್ಚೆ ರಾತ್ರಿವರೆಗೂ ನಡೀತು. ಈ ಗಾಡಿಗಳು ಇಳಿಯೋವಾಗ ಇಷ್ಟು ಬೇರೆ ಬೇರೆ ಥರ ಆಡೋದು ಯಾಕೆ ಅಂತ. ನನ್ನ ವಾದ ಏನಂದ್ರೆ ಇದು ಮನೆತನದ ಗುಣ. ಹೋಂಡಾ ಮೋಟರ್‌ಸೈಕಲ್ ಮನೆ, 1970ರಲ್ಲಿ ಮೂರು ಚಕ್ರದ ಎಟಿವಿ ತಂದೋರು, ಗೇರ್ ಬಿಟ್ಟು ಬೇರೆ ಯೋಚ್ನೆ ಮಾಡಿದ್ದು ಕಮ್ಮಿ. (ಆ ಮೂರು ಚಕ್ರದವು ಮಗುಚಿ ಬೀಳೋದು ಜಾಸ್ತಿಯಾಗಿ 1988ರಲ್ಲಿ ಅಮೆರಿಕದಲ್ಲಿ ಮಾರೋದೇ ನಿಂತೋಯ್ತು. ನಾಲ್ಕು ಚಕ್ರದ್ದನ್ನ ಮೊದ್ಲು ತಂದಿದ್ದು ಸುಜುಕಿ, 1982ರ ಕ್ವಾಡ್‌ರನ್ನರ್, ಬರೀ 125 ಸಿಸಿ.) ಪೊಲಾರಿಸ್ ಮಿನ್ನೆಸೋಟಾದ ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಗಾಡಿ) ಕಂಪನಿ, ಕ್ಯಾನ್-ಆಮ್‌ನ ಬಿಆರ್‌ಪಿ ಕ್ವಿಬೆಕ್‌ನ ಸ್ಕೀ-ಡೂ ಸ್ನೋಮೊಬೈಲ್ ಮನೆ. ಸ್ನೋಮೊಬೈಲ್‌ಗೆ ಬೆಲ್ಟ್ ಸಿವಿಟಿನೇ ಸರಿ, ಹಿಮದಲ್ಲಿ ಥ್ರಾಟಲ್ ಬಿಟ್ರೆ ಹಿಮಾನೇ ಗಾಡಿನ ನಿಲ್ಸತ್ತೆ. 1985ರಲ್ಲಿ ಪೊಲಾರಿಸ್ ಟ್ರೇಲ್ ಬಾಸ್ ತಂದಾಗ ಆ ಬೆಲ್ಟೇ ಎಟಿವಿಗೂ ಬಂತು, ಗೇರ್ ಹಾಕೋ ತಲೆನೋವಿಲ್ಲ ಅಂತ ಜನ ಮುಗಿಬಿದ್ರು, ಈಗ ನೋಡಿದ್ರೆ ಹೋಂಡಾ ಬಿಟ್ಟು ದೊಡ್ಡ ಕಂಪನಿಗಳೆಲ್ಲಾ ಬೆಲ್ಟಿಗೇ ಬಂದಿವೆ. ಆದ್ರೆ ಕಲ್ಲುಬೆಟ್ಟ ಹಿಮ ಅಲ್ವಲ್ಲ, ಹಾಗಾಗಿ ಆ ಬೆಲ್ಟಿಗೆ ಒಬ್ಬೊಬ್ಬರು ಒಂದೊಂದು ಥರ ಬ್ರೇಕ್ ಕಲಿಸಬೇಕಾಯ್ತು. ಗೆಳೆಯ ಇದನ್ನ ಒಪ್ಪಲಿಲ್ಲ, ಎಲ್ಲಾ ಬೆಲೆ ಲೆಕ್ಕಾಚಾರ, ಕಮ್ಮಿ ಟ್ರಿಮ್‌ನಲ್ಲಿ ಕೈ ಬಿಡ್ತಾರೆ ಅಷ್ಟೇ ಅಂದ. ಅದೂ ಸರಿಯೇ.

ಗಾತ್ರದ ವಿಷ್ಯ ಒಂದು ಬಿಟ್ಟೆ. ಅಮೆರಿಕದ ಕಾಡುಗಳಲ್ಲಿ ಎಷ್ಟೋ ಟ್ರೇಲ್‌ಗಳಿಗೆ 50 ಇಂಚು ಅಗಲದ ಮಿತಿ ಇದೆ. ಈ ನಾಲ್ಕೂ ಗಾಡಿ ಅದರೊಳಗೇ ಬರತ್ತೆ. ಇತ್ತೀಚೆಗೆ ಎಲ್ಲಿ ನೋಡಿದ್ರೂ ಸ್ಟೀರಿಂಗ್ ಚಕ್ರ, ಬಾಗಿಲು ಇರೋ ಸೈಡ್-ಬೈ-ಸೈಡ್‌ಗಳದ್ದೇ ಕಾರುಬಾರು, ದಾರೀಲಿ ನಮಗೆ ಎದುರಾದವೂ ಬಹುತೇಕ ಅವೇ, ಆದ್ರೆ ಅಗಲದವು ಕಿರಿದಾದ ಕವಲು ದಾರಿಗೆ ಬರಂಗಿಲ್ಲ. ಅಲ್ಲಿ ಕಾಡು ನಮ್ಮೊಬ್ಬರದ್ದೇ. ಎಟಿವಿ ಸಾಯ್ತಾ ಇದೆ ಅನ್ನೋರು ಒಂದ್ಸಲ ಆ ದಾರಿಗಳಿಗೆ ಬರಲಿ.

ಈಗ ಯಾವುದು ತಗೋಬೇಕು ಅಂದ್ರೆ, ಬೆಟ್ಟದ ದಾರಿಗೆ ನನ್ನ ಓಟು ಗ್ರಿಜ್ಲಿಗೆ. ಗೇರ್ ಹಾಕೋ ಚಟ ಇರೋರಿಗೆ, ಬೆಲ್ಟ್ ಬದಲಾಯಿಸೋ ಯೋಚ್ನೆನೇ ಬೇಡ ಅನ್ನೋರಿಗೆ ರೂಬಿಕಾನ್. ಬಯಲು ದಾರೀಲಿ ದಿನಪೂರ್ತಿ ಕೂತು ಓಡಿಸೋ ಬೆನ್ನುನೋವಿನೋರು ಸ್ಪೋರ್ಟ್ಸ್‌ಮನ್ ನೋಡಿ, ಆದ್ರೆ ಎಂಜಿನ್ ಬ್ರೇಕಿಂಗ್ ಇರೋ ಟ್ರಿಮ್ಮೇ ಬೇಕು ಅಂತ ಹಟ ಹಿಡೀರಿ. ಔಟ್‌ಲ್ಯಾಂಡರ್‌ನ ಗಡಿಬಿಡಿ ನನಗೆ ಸ್ವಲ್ಪ ಜಾಸ್ತಿನೇ, ನಮ್ಮ ಗುಂಪಲ್ಲಿ ಚಿಕ್ಕವನು ಅದರಿಂದ ಇಳಿಯೋಕೇ ಒಪ್ತಿರಲಿಲ್ಲ, ಒಪ್ಪಂದ ನೆನಪಿಸಿ ಇಳಿಸಬೇಕಾಗ್ತಿತ್ತು. ಯಾವುದೇ ತಗೊಂಡ್ರೂ ಶೋರೂಮ್ ಮುಂದಿನ ಸಮತಟ್ಟಾದ ಜಾಗದಲ್ಲಿ ಓಡಿಸಿ ತೀರ್ಮಾನ ಮಾಡ್ಬೇಡಿ, ಯಾವುದಾದ್ರೂ ಇಳಿಜಾರು ಹುಡುಕಿ ಹೆಬ್ಬೆರಳು ಎತ್ತಿ ನೋಡಿ.

ಇನ್ನೊಂದು, ಇಂಥಾ ಕೆಸರಿನ ಸವಾರಿ ಆದ್ಮೇಲೆ ರೇಡಿಯೇಟರ್ ತೊಳೆಯೋಕೆ ಪ್ರೆಶರ್ ವಾಷರ್ ಹಿಡ್ಕೊಂಡು ಮುಂದಿನಿಂದ ಹೊಡೀಬೇಡಿ, ತೆಳ್ಳನೆ ಫಿನ್ನುಗಳು ಮಡಚಿ ಹೋಗ್ತವೆ. ಮಾಮೂಲಿ ಪೈಪಲ್ಲಿ ಹಿಂಭಾಗದಿಂದ ನೀರು ಬಿಡಿ, ಕೆಸರು ಬಂದ ದಾರೀಲೇ ಹೊರಗೆ ಬರತ್ತೆ.