ಮಾಳಿಗೆಯ ಕೋಣೆಗೊಂದು ಗ್ರ್ಯಾಂಡ್ ಪಿಯಾನೋ

ಬದಿಯಡ್ಕದ ಸಮೀಪದ ನಮ್ಮ ಮನೆಯ ಮಾಳಿಗೆಯಲ್ಲಿ, ಹಿಂದೆ ಅಡಿಕೆ ಚೀಲಗಳನ್ನು ಪೇರಿಸಿಡುತ್ತಿದ್ದ ಕೋಣೆಯೇ ಈಗ ನನ್ನ ಧ್ವನಿಮುದ್ರಣದ ಕೋಣೆ. ಅದರ ಮೆಟ್ಟಿಲಿನಲ್ಲಿ ಹಾರ್ಮೋನಿಯಂ ಏರಿಸುವುದೇ ಕಷ್ಟವಿರುವಾಗ 274 ಸೆಂಟಿಮೀಟರ್ ಉದ್ದದ ಸ್ಟೈನ್‌ವೇ ಡಿ ಪಿಯಾನೋದ ಮಾತೆತ್ತುವುದೇ ಬೇಡ. ಏರಿಸಿದರೂ, ಗೋಡೆಗೆ ಪಾಚಿ ಹಿಡಿಯುವ ನಮ್ಮ ಮಳೆಗಾಲದಲ್ಲಿ ತಂತಿಗಳ ಕೆಳಗಿನ ಮರದ ಹಲಗೆ ತೇವ ಹೀರಿ ಉಬ್ಬಿದಾಗ ಶ್ರುತಿ ನಿಲ್ಲುವುದಿಲ್ಲ. ಹಾಗಾಗಿ, ಸೋದರಸೊಸೆಯ ಭಾವಗೀತೆಯೊಂದಕ್ಕೆ ಪಿಯಾನೋ ಬೇಕೆನಿಸಿದಾಗ ಕಂಪ್ಯೂಟರಿನೊಳಗಿನ ಪಿಯಾನೋವನ್ನೇ ಹುಡುಕಬೇಕಾಯಿತು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನಿಜವಾದ ಪಿಯಾನೋದ ಮನೆಗಳನ್ನು, ಅಂದರೆ ಕೀಗಳನ್ನು, ಮೆಲ್ಲಗೆ, ಜೋರಾಗಿ, ನಡುವಿನ ಹಲವು ಬಲಗಳಲ್ಲಿ ಒತ್ತಿ ಮುದ್ರಿಸಿಕೊಂಡ ಸ್ಯಾಂಪಲ್‌ಗಳದ್ದು. ಇನ್ನೊಂದು, ತಂತಿ, ಸುತ್ತಿಗೆ, ಹಲಗೆಗಳ ವರ್ತನೆಯನ್ನು ಗಣಿತದಿಂದ ಆ ಕ್ಷಣದಲ್ಲೇ ಲೆಕ್ಕಹಾಕಿ ನಾದ ಹುಟ್ಟಿಸುವಂಥದ್ದು. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಯಮಹಾ ಸಿಎಫ್ಎಕ್ಸ್ ಪಿಯಾನೋವನ್ನು ಮುದ್ರಿಸಿ ಮಾಡಿದ ಗ್ಯಾರಿಟನ್ ಸಿಎಫ್ಎಕ್ಸ್ ಮೊದಲ ಬಗೆಯದು. ಅದರ ಪೂರ್ಣ ರೂಪ 100 ಜಿಬಿಗೂ ಹೆಚ್ಚು. ಫ್ರಾನ್ಸಿನ ಮೊಡಾರ್ಟ್ ಸಂಸ್ಥೆ 2006ರಲ್ಲಿ ಹೊರತಂದ ಪಿಯಾನೋಟೆಕ್ ಎರಡನೆಯ ಬಗೆಯದು. ಅದು 50 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಹೆಡ್‌ಫೋನ್ ಹಾಕಿಕೊಂಡು ಪಿಯಾನೋವನ್ನು ಒಂಟಿಯಾಗಿ ಕೇಳಿ ಕೇಳಿ ನಾನು ಮರುಳಾದದ್ದು ಸಿಎಫ್ಎಕ್ಸ್‌ಗೆ. ಅದನ್ನು ಇಳಿಸಿಕೊಳ್ಳುವುದಕ್ಕೆ ನಾಲ್ಕು ರಾತ್ರಿ ಹಿಡಿಯಿತು. ಎರಡನೆಯ ರಾತ್ರಿಯ ಗಾಳಿಗೆ ಅಡಿಕೆ ಮರವೊಂದು ಇಂಟರ್ನೆಟ್ ಕೇಬಲ್ಲಿನ ಮೇಲೆಯೇ ಮುರಿದುಬಿತ್ತು, ಸರಿಪಡಿಸುವವರು ಬಂದದ್ದು ಮೂರು ದಿನ ಕಳೆದು. ಕೊನೆಗೂ ಪಿಯಾನೋ ಬಂತು, ಪಲ್ಲವಿ ನುಡಿಸಿದೆ, ಸೊಸೆ ಹಾಡಿದಳು. ಇಬ್ಬರೂ ಕೂತು ಕೇಳಿದೆವು. "ಲಾಯ್ಕಲ್ಲಿ ಕೇಳ್ತು ಮಾವ, ಆದರೆ ಎನ್ನ ಸ್ವರ ಎಲ್ಲಿದ್ದು?" ಎಂದಳು.

ಅವಳು ಹೇಳಿದ್ದು ಸರಿಯಾಗಿತ್ತು. ದೊಡ್ಡ ಸಭಾಂಗಣದಂಥ ಕೋಣೆಯ ಅನುರಣನವೂ ಪಿಯಾನೋದೊಂದಿಗೇ ಮುದ್ರಿತವಾಗಿದ್ದರಿಂದ, ನಮ್ಮ ಪುಟ್ಟ ಕೋಣೆಯಲ್ಲಿ ಮೈಕಿನ ಹತ್ತಿರ ನಿಂತು ಹಾಡಿದ ಕಂಠ ಅದರೊಳಗೆ ಹೊರಗಿನವಳಂತೆ ಕೇಳುತ್ತಿತ್ತು. ಪಿಯಾನೋ ಮುದ್ರಿಸುವಾಗ ಇಟ್ಟಿದ್ದ ದೂರದ ಮೈಕುಗಳನ್ನು ಮುಚ್ಚಿ ಹತ್ತಿರದವನ್ನು ಮಾತ್ರ ಉಳಿಸಿದಾಗ ಕಂಠ ಸ್ವಲ್ಪ ಮುಂದೆ ಬಂತಾದರೂ, ಎಡಗೈಯ ಮಂದ್ರಸ್ವರಗಳ ತೂಕ ಈ ಹಾಡಿಗೆ ಇನ್ನೂ ಹೆಚ್ಚೆನಿಸುತ್ತಿತ್ತು.

ಆಗ ಉಚಿತವಾಗಿ ದೊರೆಯುವ ಸಾಲಮ್ಯಾಂಡರ್ ಗ್ರ್ಯಾಂಡ್ ಅನ್ನು ತೆರೆದೆ. ಅದು ಯಮಹಾ ಸಿ5ರ ಮುದ್ರಣ. 16 ಬಲಗಳಲ್ಲಿ ಒತ್ತಿದ್ದರೂ ಮೂರು ಮನೆಗಳಿಗೊಂದರಂತೆ ಮಾತ್ರ ಮುದ್ರಿಸಲಾಗಿದೆ, ನಡುವಿನ ಮನೆಗಳಿಗೆ ಪಕ್ಕದ ಸ್ವರವನ್ನೇ ಅರ್ಧ ಸ್ವರ ಏರಿಸಿ ಇಳಿಸಿ ಬಳಸಲಾಗುತ್ತದೆ. ಸೊಸೆಯ ಶ್ರುತಿ ಕಪ್ಪು ನಾಲ್ಕು, ಮುದ್ರಿಸದೆ ಬಿಟ್ಟ ಮನೆಗಳಲ್ಲೊಂದು. ಅಂದರೆ ಅವಳ ಷಡ್ಜವೇ ಆ ಪಿಯಾನೋದಲ್ಲಿ ಮುದ್ರಿತವಾಗಿಲ್ಲ. ಪಕ್ಕದ ಬಿಳಿ ಆರನ್ನು ಇಳಿಸಿದ್ದು ಅದು. ಇದು ತಿಳಿದ ಮೇಲೆ ಒಂದು ಸಂಜೆಯಿಡೀ ಆ ಒಂದೇ ಮನೆಯನ್ನು ಒತ್ತಿ ಕಿವಿಗೊಟ್ಟು ಕುಳಿತೆ. ಒಂಟಿಯಾಗಿ ಕೇಳಿದರೆ ಏನೋ ಬಿಗಿ ಸಡಿಲಿದಂತೆ ಅನಿಸುತ್ತದೆ, ಅದೂ ಗೊತ್ತಿದ್ದವನಿಗೆ. ಹಾಡಿನೊಳಗೆ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ಸಂಗತಿ ತಡವಾಗಿ ಅರ್ಥವಾಯಿತು. ಕೀಬೋರ್ಡಿನಲ್ಲಿ ನುಡಿಸಿದ್ದನ್ನು ನಾದವಾಗಿ ಅಲ್ಲ, ಸೂಚನೆಗಳಾಗಿ ಕಂಪ್ಯೂಟರಿಗೆ ತಿಳಿಸುವ ಮಿಡಿಯಲ್ಲಿ ಮನೆ ಒತ್ತಿದ ಬಲವನ್ನು 1ರಿಂದ 127ರವರೆಗಿನ ಅಂಕಿಯಾಗಿ ಬರೆದುಕೊಳ್ಳಲಾಗುತ್ತದೆ. ನನ್ನ ಹಳೆಯ ಕೀಬೋರ್ಡಿನಿಂದ ಬರುತ್ತಿದ್ದ ಅಂಕಿಗಳನ್ನು ಪರದೆಯ ಮೇಲೆ ನೋಡಿದರೆ, ಎಷ್ಟು ಮೆತ್ತಗೆ ಒತ್ತಿದರೂ 50ಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಪಿಯಾನೋದ ಅತಿ ಮೃದುವಾದ ಸ್ವರಗಳನ್ನೆಲ್ಲ ನಾನು ಕೇಳಿಯೇ ಇರಲಿಲ್ಲ. ಕೇಳದೆಯೇ 'ಇದು ಗಡಸು, ಅದು ಮೃದು' ಎಂದು ತೀರ್ಪು ಕೊಡುತ್ತಿದ್ದೆ! ಎಷ್ಟು ಬಲಕ್ಕೆ ಯಾವ ಅಂಕಿ ಎಂದು ನಿರ್ಧರಿಸುವ ವೆಲಾಸಿಟಿ ಕರ್ವನ್ನು ಕೈಗೆ ಹೊಂದಿಸಿಕೊಂಡ ಮೇಲೆ, ಗಡಸೆಂದು ಬದಿಗಿಟ್ಟಿದ್ದ ಎರಡು ಪಿಯಾನೋಗಳು ಮತ್ತೆ ಪಂಕ್ತಿಗೆ ಬಂದವು.

ಮಿಡಿಯಲ್ಲಿ ನುಡಿಸಿದ್ದನ್ನು ಯಾವ ಪಿಯಾನೋಗೆ ಬೇಕಾದರೂ ಆಮೇಲೆ ಬದಲಾಯಿಸಬಹುದು ಎಂಬ ಮಾತು ಅರ್ಧ ಮಾತ್ರ ನಿಜ. ಕಿವಿಗೆ ಬೀಳುವ ನಾದಕ್ಕೆ ತಕ್ಕಂತೆ ಬೆರಳು ತೂಕ ಹಾಕುತ್ತದೆ. ಸಿಎಫ್ಎಕ್ಸ್‌ನ ಮಂದ್ರಕ್ಕೆ ಹೆದರಿ ಎಡಗೈಯನ್ನು ಹಗುರವಾಗಿ ನುಡಿಸಿದ್ದೆ. ಅದನ್ನೇ ಸಾಲಮ್ಯಾಂಡರಿಗೆ ಹಾಕಿದಾಗ ಎಡಗೈ ಜ್ವರ ಬಿಟ್ಟೆದ್ದವನಂತೆ ಕೇಳಿತು. ಪೂರ್ತಿ ಹಾಡನ್ನು ಮತ್ತೊಮ್ಮೆ ನುಡಿಸಬೇಕಾಯಿತು.

ಪಿಯಾನೋಟೆಕ್ ಅನ್ನು ಬಿಟ್ಟಿಲ್ಲ. ಕೆಲವು ಮನೆಗಳು ಮೌನವಾಗಿರುವ, 20 ನಿಮಿಷಕ್ಕೆ ನಿಲ್ಲುವ ಪರೀಕ್ಷಾ ರೂಪದಲ್ಲೇ, ಸ್ವರವನ್ನು ಹಿಡಿದಿಡುವ ಅದರ ಪೆಡಲ್ ಮನಸ್ಸು ಗೆದ್ದಿತ್ತು. ಪೆಡಲನ್ನು ಅರ್ಧಕ್ಕೆ ಎತ್ತಿದಂತೆ ಮಿಡಿಯಲ್ಲಿ ಬರೆದುಕೊಟ್ಟರೆ ನಾದ ಕಡಿಯದೆ ತೆಳುವಾಗುತ್ತ ಹೋಗುವುದು ಅಲ್ಲಿ ಕೇಳುತ್ತದೆ. ಮಧ್ಯಸ್ಥಾಯಿಯಲ್ಲಿ ತುಸು ಗಾಜಿನ ಗುಣವಿದೆಯೆಂಬುದು ನನ್ನ ತಕರಾರು. ಆದರೂ ರಾಗ ಕೂಡಿಸುವಾಗ, ಕರೆಂಟು ಹೋಗಿ ಬಂದು ಕಂಪ್ಯೂಟರ್ ಮತ್ತೆ ತೆರೆಯುವಾಗ, ಕ್ಷಣದಲ್ಲಿ ಕೈಗೆ ಸಿಗುವುದು ಅದೇ. ಸಾಲಮ್ಯಾಂಡರಿನಿಂದ ಉಳಿದ ಹಣದಲ್ಲಿ, 'ಹೌದು', 'ಇಲ್ಲ' ಎಂದಷ್ಟೇ ಹೇಳುತ್ತಿದ್ದ ಹಳೆಯ ಪೆಡಲಿನ ಬದಲು ನಡುವಿನ ಹಂತಗಳನ್ನೂ ಕಳುಹಿಸುವ ಪೆಡಲ್ ತರಿಸಿದ್ದೇನೆ. ಸೊಸೆಯ ಎರಡನೆಯ ಹಾಡನ್ನು, ಮಳೆ ಒಂದು ಗಂಟೆ ಬಿಡುವು ಕೊಟ್ಟ ದಿನ, ಅದರಲ್ಲಿ ನುಡಿಸುವುದೆಂದಾಗಿದೆ.