ಕಂಟ್ರೋಲರಿನಲ್ಲಿ 28.8, ಬ್ಯಾಟರಿಯಲ್ಲಿ 27.9

ಮೂರು ವಾರಗಳಿಂದ ಕಾಡುತ್ತಿದ್ದ ತೊಂದರೆಯ ಮೂಲ ಕಳೆದ ಭಾನುವಾರ ಸಿಕ್ಕಿತು. ಗೋವಾದ ಕಾಣಕೋಣದಲ್ಲಿರುವ ನಮ್ಮ ತೋಟದ ಮನೆಗೆ ವಿದ್ಯುತ್ ಕಂಬ ಬಂದಿಲ್ಲ. 330 ವ್ಯಾಟ್‌ನ ಎರಡು ಸೌರ ಪ್ಯಾನೆಲ್ ಮತ್ತು 200 ಎಎಚ್‌ನ (ಆಂಪಿಯರ್-ಗಂಟೆ) ಎರಡು ಟ್ಯೂಬುಲರ್ ಸೀಸ-ಆಮ್ಲ ಬ್ಯಾಟರಿಗಳ 24 ವೋಲ್ಟ್ ವ್ಯವಸ್ಥೆಯೇ ಆಧಾರ. ಮಳೆಗಾಲ ಕಳೆದು ಬಿಸಿಲು ಚೆನ್ನಾಗಿ ಬಿದ್ದರೂ, 1.250ರ ಆಸುಪಾಸಿನಲ್ಲಿರಬೇಕಾದ ಆಮ್ಲದ ಗ್ರಾವಿಟಿ (ಚಾರ್ಜ್ ತುಂಬಿದಂತೆ ಏರುವ ಸಾಂದ್ರತೆ) ಹನ್ನೆರಡು ಸೆಲ್‌ಗಳಲ್ಲೂ 1.200ನ್ನು ದಾಟುತ್ತಿರಲಿಲ್ಲ.

ಒಂದೇ ಸೆಲ್ ಹಿಂದುಳಿದಿದ್ದರೆ ಬ್ಯಾಟರಿಯನ್ನು ಅನುಮಾನಿಸಬಹುದಿತ್ತು. ಎಲ್ಲವೂ ಸಮನಾಗಿ ಹಸಿದಿದ್ದವು, ಅಂದರೆ ಚಾರ್ಜೇ ಸಾಲುತ್ತಿರಲಿಲ್ಲ. ಆದರೆ ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರ್ ಪ್ರತಿದಿನ 28.8 ವೋಲ್ಟ್ ಮುಟ್ಟಿ, ಅಲ್ಲಿ ಎರಡು ಗಂಟೆ ನಿಂತು, ಫ್ಲೋಟ್‌ಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೆಯೇ ಕಾಯುವ ಕಡಿಮೆ ವೋಲ್ಟೇಜಿಗೆ, ಇಳಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಮಲ್ಟಿಮೀಟರ್ ಇಟ್ಟರೆ ಕಂಟ್ರೋಲರ್, ಬ್ಯಾಟರಿ ಎರಡೂ ಕಡೆ ಒಂದೇ ವೋಲ್ಟೇಜು. ಮೂರು ವಾರ ಕಳೆದದ್ದು ಇಲ್ಲಿಯೇ: ಕರೆಂಟ್ ಹರಿಯದ ಹೊತ್ತಿನಲ್ಲಿ ಕೆಟ್ಟ ಜಾಯಿಂಟೂ ಒಳ್ಳೆಯದರಂತೆಯೇ ಕಾಣುತ್ತದೆ.

ಭಾನುವಾರ ಮಧ್ಯಾಹ್ನ 20 ಆಂಪಿಯರ್ ಹರಿಯುತ್ತಿದ್ದಾಗ ಅಳೆದೆ. ಕಂಟ್ರೋಲರಿನಲ್ಲಿ 28.8, ಬ್ಯಾಟರಿಯ ಸೀಸದ ಟರ್ಮಿನಲ್ ಕಂಬದ ಮೇಲೆ 27.9. ಕಂಟ್ರೋಲರ್ ತನ್ನ ಬಾಯಲ್ಲಿನ ವೋಲ್ಟೇಜನ್ನೇ ನಂಬಿ ಕರೆಂಟನ್ನು ಬೇಗನೆ ತಗ್ಗಿಸುತ್ತಿದ್ದುದರಿಂದ, ಬ್ಯಾಟರಿ ತುಂಬುವ ಮೊದಲೇ ಆ ಎರಡು ಗಂಟೆ ಮುಗಿದುಹೋಗುತ್ತಿತ್ತು. ಕೇಬಲಿನ ಉದ್ದಕ್ಕೂ ಅಳೆಯುತ್ತ ಬಂದಾಗ, ಆ 0.9 ವೋಲ್ಟಿನಲ್ಲಿ 0.6 ಪಾಸಿಟಿವ್ ಲಗ್ (ಕೇಬಲಿನ ತುದಿಗೆ ಒತ್ತಿದ ಲೋಹದ ಕೊನೆ) ಒಂದರಲ್ಲೇ ಕಳೆಯುತ್ತಿತ್ತು. ಅಂದರೆ 12 ವ್ಯಾಟ್ ಶಾಖ, ಮುಟ್ಟಲಾಗದಷ್ಟು ಬಿಸಿ.

ಸ್ಲೀವ್ ಕತ್ತರಿಸಿದರೆ ಒಳಗೆ ಬಿಳಿ ಪುಡಿ. ಎಳೆಯನ್ನು ಚಾಕುವಿನಿಂದ ಕೆರೆದಾಗ ಕೆಂಪು ಮೇಲ್ಮೈಯಡಿ ಬೆಳ್ಳಗಿನ ಲೋಹ ಕಂಡಿತು. ಮಡಗಾಂವಿನ ಅಂಗಡಿಯೊಂದು ಅಪ್ಪಟ ತಾಮ್ರವೆಂದು ಬಿಲ್ ಬರೆದು ಕೊಟ್ಟ 16 ಚದರ ಮಿಲಿಮೀಟರ್ ಕೇಬಲ್, ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಸಮುದ್ರದ ಉಪ್ಪು ಗಾಳಿಯಲ್ಲಿ ತಾಮ್ರದ ಲಗ್ ಮತ್ತು ಅಲ್ಯೂಮಿನಿಯಂ ಸೇರಿದಲ್ಲಿ ಸವೆತ ಖಚಿತ. ತಾಮ್ರದ ದುಡ್ಡು ಪಡೆದು ಹೀಗೆ ಮಾಡುವುದು ಅನ್ಯಾಯ. ಮನೆಗೆ ಬೆಂಕಿಯೇ ಬೀಳಬಹುದಿತ್ತು.

ಈಗ ತವರ ಲೇಪಿತ ತಾಮ್ರದ ಕೇಬಲ್ ಹಾಕಿ, ಹೈಡ್ರಾಲಿಕ್ ಕ್ರಿಂಪರಿನಿಂದ ಲಗ್ ಒತ್ತಿ, ಪೆಟ್ರೋಲಿಯಂ ಜೆಲ್ಲಿ ಸವರಿದ್ದೇನೆ. ಅದೇ 20 ಆಂಪಿಯರಿಗೆ ನಷ್ಟ 0.2 ವೋಲ್ಟ್. ಆರು ದಿನಗಳಲ್ಲಿ ಎರಡು ಸೆಲ್ ಬಿಟ್ಟು ಉಳಿದವುಗಳಲ್ಲಿ ಗ್ರಾವಿಟಿ 1.235ಕ್ಕೆ ಏರಿದೆ.

ಮುಂದಿನ ಯೋಜನೆ ಲಿಥಿಯಂ ಐರನ್ ಫಾಸ್ಫೇಟ್: 3.2 ವೋಲ್ಟಿನ ಎಂಟು ಸೆಲ್, ನಡುವೆ ಅವನ್ನು ಜೋಡಿಸುವ ಏಳು ಬಸ್‌ಬಾರ್ (ಲೋಹದ ಪಟ್ಟಿ). ಅಲ್ಲಿ ಒಂದು ಜಾಯಿಂಟ್ ಸಡಿಲವಾದರೂ ಬಿಎಂಎಸ್ (ಪ್ರತಿ ಸೆಲ್ಲನ್ನೂ ಗಮನಿಸುವ ಸರ್ಕ್ಯೂಟ್) ಆ ಸೆಲ್ಲಿನ ವೋಲ್ಟೇಜನ್ನು ತಪ್ಪಾಗಿ ಓದುತ್ತದೆ. ಹಾಗಾಗಿ ಪ್ರತಿಯೊಂದನ್ನೂ ಕರೆಂಟ್ ಹರಿಸಿಯೇ ಅಳೆಯುತ್ತೇನೆ. ಅದಕ್ಕೆ ಮೊದಲು, 1.220ರಲ್ಲೇ ನಿಂತಿರುವ ಎರಡು ಸೆಲ್‌ಗಳಿಗಾಗಿ ನಾಳೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ ಈಕ್ವಲೈಸ್ (ಹಿಂದುಳಿದ ಸೆಲ್‌ಗಳನ್ನು ಸಮಗೊಳಿಸುವ ಹೆಚ್ಚುವರಿ ಚಾರ್ಜ್) ಹಾಕಬೇಕು.