ಮಾತು ಮುಗಿಸಿದ್ದು ಎಲ್ಲಪ್ಪಾ?

ಭಾನುವಾರ ಮೇಷ್ಟ್ರು ಪ್ರೂಫ್ ಹಾಳೆ ನನ್ನ ಮುಂದಿಟ್ಟು, ಒಂದು ಸಾಲಿನ ಮೇಲೆ ಪೆನ್ಸಿಲ್ ಊರಿ, “ಅಜ್ಜಿ ಬಾ ಅಂದ್ಲು ಸರಿ, ಮಾತು ಮುಗಿಸಿದ್ದು ಎಲ್ಲಪ್ಪಾ?” ಅಂದ್ರು. ಇವತ್ತು ಶುಕ್ರವಾರ, ಇನ್ನೂ ಅದೇ ಕಿವೀಲಿ ಕೂತಿದೆ.

ಅಮ್ಮ ಬರೆದಿಟ್ಟು ಹೋದ ಕಥೆಗಳು. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡ್ಸಿದ್ದನ್ನ, ಪ್ರತಿ ಗುರುತಿಗೂ ಒಂದೊಂದು ಸಂಖ್ಯೆ ಕೊಡೋ ಯುನಿಕೋಡ್‌ಗೆ ತಂದ್ಮೇಲೆ ನೋಡಿದ್ರೆ ಕೋಟ್‌ಗಳೆಲ್ಲ ನೆಟ್ಟಗೆ ನಿಂತಿದ್ವು, ತೆರೆಯೋದೂ ಅದೇ ಮುಚ್ಚೋದೂ ಅದೇ. ಪುಸ್ತಕಕ್ಕೆ ಬಾಗಿದ ಕೋಟೇ ಬೇಕು ಅಂತ ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಕೋಡ್ ಬರೆದೆ, ಕೋಟ್‌ಗೆ ಮುಂಚೆ ಅಕ್ಷರನೋ ಚುಕ್ಕಿನೋ ಪ್ರಶ್ನೆಚಿಹ್ನೆನೋ ಇದ್ರೆ ಅದು ಮುಚ್ಚೋದು, ಇಲ್ದಿದ್ರೆ ತೆರೆಯೋದು, ಇಷ್ಟೇ ನಿಯಮ. ಟೆಸ್ಟ್ ಮಾಡಿದ್ದು ಮಾತ್ರ ಇಂಗ್ಲಿಷ್ ಪ್ಯಾರಾ ಮೇಲೆ.

“ಅಮ್ಮ” ಸರಿಯಾಗಿತ್ತು. ಅದರ ಕೆಳಗಿನ ಸಾಲಲ್ಲೇ “ಬಾ“, ಎರಡೂ ಕಡೆ ತೆರೆದ ಕೋಟು! ಯಾಕಂದ್ರೆ ಯುನಿಕೋಡ್‌ನಲ್ಲಿ ಬ ಅನ್ನೋದಕ್ಕೆ ಒಂದು ಸಂಖ್ಯೆ, ಅದನ್ನ ಬಾ ಮಾಡೋ ಇಳಿಗೆ ಇನ್ನೊಂದು ಸಂಖ್ಯೆ, ಆ ಇಳಿ ‘ಮಾರ್ಕ್’ ಅನ್ನೋ ಗುಂಪಿಗೆ ಸೇರಿದ್ದು, ನನ್ನ ಕೋಡ್ ಅಕ್ಷರ ಗುರುತಿಸೋಕೆ ನೆಚ್ಚಿದ್ದ, ಪೈಥಾನ್‌ನಲ್ಲಿ ಪಠ್ಯದ ಮಾದರಿ ಹುಡುಕೋ ರೆಜೆಕ್ಸ್‌ನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು (\w) ಅನ್ನೋ ಸಂಕೇತ ಅದನ್ನ ಅಕ್ಷರ ಅಂತ ಎಣಿಸೋದೇ ಇಲ್ಲ. ಗುಡಿಸು, ಕೊಂಬು, ಏತ್ವ ಎಲ್ಲದರ ಕಥೆಯೂ ಇದೇ. “ಸಾಕು“, “ಹೌದೇ“, “ಬರ್ತೀನಿ“... ನಮ್ಮ ಮಾತು ಮುಗಿಯೋದೇ ಬಹುಪಾಲು ಇವುಗಳಲ್ಲಿ ಅಲ್ವಾ. ಪುಟಪುಟದಲ್ಲೂ ಯಾರ ಮಾತೂ ಮುಗಿದಿರಲಿಲ್ಲ.

ನಂಗೆ ಸ್ಲೇಟ್ ಮೇಲೆ ಕಾಗುಣಿತ ತಿದ್ದಿಸಿದ್ದು ಅಮ್ಮನೇ. ಬ, ಬಾ, ಬಿ, ಬೀ. ಬಾ ಅಂದ್ರೆ ಒಂದು ಅಕ್ಷರ, ಅರ್ಧ ಅಕ್ಷರ ಅಲ್ಲ, ಅಕ್ಷರಕ್ಕೆ ಅಂಟಿಸಿದ ಗುರುತೂ ಅಲ್ಲ. ಅವಳದೇ ಕಥೆಗಳನ್ನ ತಿದ್ದೋಕೆ ಕೂತಾಗ ನಾನೇ ಅದನ್ನ ಮರೆತೆ ಅನ್ನೋದು ಚುಚ್ತಾ ಇದೆ.

ಪುಟ ಕಟ್ಟೋ ಹುಡುಗ “ಯಾರ್ ನೋಡ್ತಾರೆ ಸಾರ್, ಓದೋರಿಗೆ ಅರ್ಥ ಆದ್ರೆ ಸಾಕಲ್ವಾ” ಅಂದ. ಕೆಲಸದಲ್ಲಿ ಚುರುಕು, ಒಳ್ಳೆಯವನೇ, ಆದ್ರೂ ಈ ಮಾತು ನಂಗೆ ತಡ್ಕೊಳಕ್ಕಾಗಲ್ಲ. 78 ವರ್ಷದ ಮೇಷ್ಟ್ರು, ಪೊರೆ ಆಪರೇಷನ್ ಆದ ಕಣ್ಣಲ್ಲಿ, ನೋಡಿದ್ರಲ್ಲ! ದುಡ್ಡೂ ಮುಟ್ಟದೆ, ಸಾಲು ಸಾಲಾಗಿ ಬೆರಳಿಟ್ಟು ಓದಿದ್ರು. ಅಂಥೋರು ಇರೋದ್ರಿಂದ್ಲೇ ಕನ್ನಡ ಪುಸ್ತಕಗಳು ನೆಟ್ಟಗಿವೆ.

ಮೂಲ ಫೈಲ್ ಇಟ್ಕೊಂಡಿದ್ದು ಒಳ್ಳೇದಾಯ್ತು. ಯುನಿಕೋಡ್ ಕನ್ನಡಕ್ಕೆ ಮೀಸಲಿಟ್ಟಿರೋ 128 ಜಾಗದಲ್ಲಿ ಯಾವುದು ಬಂದ್ರೂ ಅಕ್ಷರ ಅಂತಲೇ ಒಪ್ಕೋ ಅಂತ ಒಂದು ಸಾಲು ಬದಲಿಸಿ ಮತ್ತೆ ಓಡಿಸಿದೆ.

ನಿನ್ನೆ ಸಂಜೆ ಹೊಸ ಹಾಳೆ ಕೊಟ್ಟೆ. ಮೇಷ್ಟ್ರು ನೇರ ಅಜ್ಜಿ ಕರೆಯೋ ಸಾಲಿಗೇ ಹೋಗಿ, ಮೆಲ್ಲಗೆ “ಬಾ” ಅಂತ ಓದಿ, ಪುಟ ತಿರುವಿ, ಮುಂದಿನ ಪುಟದಲ್ಲಿ ದುಃಖದ ವಿಸರ್ಗದ ಜಾಗದಲ್ಲಿ ಕೂತಿದ್ದ ಕೋಲನ್‌ಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ರು.